ಬೀಟೆಯ ಕಪಾಟಿಗೆ ಸೀಮೆಸುಣ್ಣದ ಬಣ್ಣ

ಮಳೆಗಾಲ ಕಳೆದು ದೀಪಾವಳಿ ಸಮೀಪಿಸಿತೆಂದರೆ ಮಲೆನಾಡಿನ ಮನೆಗಳಲ್ಲಿ ಬಾಗಿಲುಗಳು ಮತ್ತೆ ಸಲೀಸಾಗಿ ಮುಚ್ಚತೊಡಗುತ್ತವೆ. ಜೂನ್ ತಿಂಗಳಿಂದ ಗಾಳಿಯ ತೇವವನ್ನು ಕುಡಿದು ಉಬ್ಬಿದ್ದ ಮರ ನಿಧಾನವಾಗಿ ತನ್ನ ಅಳತೆಗೆ ಹಿಂದಿರುಗುವ ಕಾಲ ಅದು. ಅಟ್ಟದ ಮೇಲಿನ ಪೆಟ್ಟಿಗೆಗಳು ಅಂಗಳಕ್ಕೆ ಇಳಿಯುತ್ತವೆ. ಬೂಷ್ಟು ಹಿಡಿದ ಕುರ್ಚಿಗಳನ್ನು ಒರೆಸಿ ಜಗಲಿಯಲ್ಲಿ ಸಾಲಾಗಿ ಇಡುತ್ತಾರೆ. ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದಿದ್ದ ಸಾಮಾನುಗಳೆಲ್ಲ ಬಿಸಿಲಿಗೆ ಮುಖ ತೋರಿಸುತ್ತವೆ. ಪಟ್ಟಣದಲ್ಲಿ ನೆಲೆಸಿದ ಮಕ್ಕಳು ಹಬ್ಬಕ್ಕೆಂದು ಬರುವುದೂ ಆಗಲೇ. ಯಾವ ಸಾಮಾನು ಯಾರಿಗೆ ಎಂಬ ಮಾತು ಹುಟ್ಟುವುದೂ ಆಗಲೇ.

ಕಳಸದಿಂದ ಕುದುರೆಮುಖದ ಕಡೆಗೆ ಸಾಗುವ ರಸ್ತೆಯಲ್ಲಿ, ಕಾಫಿ, ಅಡಿಕೆ, ಚಹಾ ತೋಟಗಳ ನಡುವೆ ಇರುವ ಸಂಸೆಯ ಕಡೆಯ ಒಂದು ಮನೆಯನ್ನು ಓದುಗರು ಕಣ್ಣಮುಂದೆ ತಂದುಕೊಳ್ಳಲಿ. ಅಂಥ ಮನೆಗಳು ಆ ಸೀಮೆಯಲ್ಲಿ ಒಂದೆರಡಲ್ಲ. ನಡುಮನೆಯ ಕತ್ತಲ ಮೂಲೆಯಲ್ಲಿ ಎರಡು ಬಾಗಿಲಿನ ಒಂದು ಕಪಾಟು. ಒಲೆಯ ಹೊಗೆ, ದೀಪದ ಎಣ್ಣೆ, ಯಾವ ಕಾಲದಲ್ಲೋ ಬಳಿದ ಮೆರುಗೆಣ್ಣೆ ಇವು ಮೂರೂ ಸೇರಿ ಅದರ ಮೈ ಇದ್ದಿಲಿನಂತೆ ಕಪ್ಪಾಗಿದೆ. ಒಂದು ಕಾಲು ಲಡ್ಡಾಗಿ, ಅದರಡಿಗೆ ಚಪ್ಪಟೆ ಕಲ್ಲೊಂದನ್ನು ಕೊಟ್ಟಿದ್ದಾರೆ. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದ ಸೊಸೆಯ ಕಣ್ಣು ಅದರ ಮೇಲೆ ಬೀಳುತ್ತದೆ.

“ಅತ್ತೆ, ಈ ಕಪಾಟನ್ನು ನಾವು ತೆಗೆದುಕೊಂಡು ಹೋಗೋಣವೇ? ತಿಳಿನೀಲಿ ಬಣ್ಣ ಬಳಿದು ಮೇಣ ತಿಕ್ಕಿದರೆ ಗುರುತೇ ಸಿಗದ ಹಾಗೆ ಆಗುತ್ತದೆ.”

“ಹೋಗಮ್ಮ, ತಗೊಂಡು ಹೋಗು. ನಿಮ್ಮ ಮಾವನವರು ಹೋದ ಮೇಲೆ ಅದರ ಬಾಗಿಲು ತೆಗೆದವರೇ ಇಲ್ಲ,” ಎಂದು ಅತ್ತೆ ಹೇಳುತ್ತಾರೆ. ಒಂದು ಗಳಿಗೆ ಬಿಟ್ಟು, “ಬಣ್ಣ ಬಳಿಯಲೇಬೇಕೇನು?” ಎಂದೂ ಕೇಳುತ್ತಾರೆ.

ಸೊಸೆಯ ಆಸೆಯೂ ತಪ್ಪಲ್ಲ, ಅತ್ತೆಯ ಅನುಮಾನವೂ ಸುಮ್ಮನೆ ಹುಟ್ಟಿದ್ದಲ್ಲ. ಇಬ್ಬರ ನಡುವಿನ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮೊದಲು ಆ ಬಣ್ಣದ ಗುಣವನ್ನೂ, ಬಳಿಕ ಆ ಮರದ ಕುಲವನ್ನೂ ತಿಳಿಯಬೇಕಾಗುತ್ತದೆ.

ಚಾಕ್ ಪೇಂಟ್ ಎಂದು ಹೆಸರಾದ ಈ ಸೀಮೆಸುಣ್ಣದ ಬಣ್ಣವನ್ನು 1990ರಲ್ಲಿ ಮಾರುಕಟ್ಟೆಗೆ ತಂದವರು ಇಂಗ್ಲೆಂಡಿನ ಆನಿ ಸ್ಲೋನ್ ಎಂಬ ಮಹಿಳೆ. ಹೆಸರು ಅವರ ವ್ಯಾಪಾರಮುದ್ರೆ. ಅದರ ಜಾಡು ಹಿಡಿದು ಈಗ ಎಷ್ಟೋ ಕಂಪನಿಗಳು ಅದೇ ಬಗೆಯ ಬಣ್ಣವನ್ನು ಮಾರುತ್ತಿವೆ. ಅದರ ಗುಟ್ಟು ಬಹಳ ಸರಳ. ಸಾಧಾರಣ ಬಣ್ಣದಲ್ಲಿ ಅಂಟು ಹೆಚ್ಚು, ಪುಡಿ ಕಡಮೆ. ಆದ್ದರಿಂದ ಒಣಗಿದ ಮೇಲೆ ಅದು ಹೊಳೆಯುವ ಪೊರೆಯಾಗುತ್ತದೆ. ಇಲ್ಲಿ ಪುಡಿಯ ಪಾಲು ಹೆಚ್ಚು. ಹೀಗಾಗಿ ಬಣ್ಣ ಮಂದವಾಗಿ, ಸಾರಿಸಿದ ಮಣ್ಣಿನ ಗೋಡೆಯಂತೆ ಹೊಳಪಿಲ್ಲದೆ ಒಣಗುತ್ತದೆ; ಹಳೆಯ ಮೆರುಗೆಣ್ಣೆಯ ಮೇಲೂ, ಉಪ್ಪುಕಾಗದದಿಂದ ಗಂಟೆಗಟ್ಟಲೆ ಉಜ್ಜದೆಯೇ, ಹಿಡಿದು ನಿಲ್ಲುತ್ತದೆ. ಆದರೆ ಆ ಗುಣದಲ್ಲಿಯೇ ಅದರ ದೋಷವೂ ಅಡಗಿದೆ. ಮೈಯೆಲ್ಲ ಸೂಕ್ಷ್ಮ ರಂಧ್ರಗಳಾದ್ದರಿಂದ ಎಣ್ಣೆಯ ಕೈ, ಕಾಫಿಯ ಹನಿ, ಅರಿಸಿನದ ಬೆರಳು, ಯಾವುದನ್ನು ಮುಟ್ಟಿಸಿದರೂ ಹೀರಿಕೊಳ್ಳುತ್ತದೆ. ಅದನ್ನು ತಡೆಯಲೆಂದೇ ಮೇಲೆ ಮೇಣ ತಿಕ್ಕುವುದು.

ಪುಡಿಗೆ ಅಂಟು ಬೆರೆಸಿ ಮರಕ್ಕೆ ಬಿಳಿಯ ತಳ ಹಾಕುವ ವಿದ್ಯೆ ಕನ್ನಡನಾಡಿಗೆ ಸೀಮೆಯಿಂದ ಬಂದದ್ದೇನೂ ಅಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಮರದ ಬೊಂಬೆಗಳಿಗೆ ಮಾಡುವ ಸಂಸ್ಕಾರವನ್ನು ನೋಡಿದವರಿಗೆ ಇದು ಗೊತ್ತು. ಅಲ್ಲಿ ಹುಣಸೆಬೀಜದ ಅಂಟು, ಮರದ ಹೊಟ್ಟು, ಸೆಣಬಿನ ಚೂರು ಸೇರಿಸಿದ ‘ಕಿಟ್ಟ’ವನ್ನು ಮೈಗೆಲ್ಲ ಮೆತ್ತಿ, ಬಟ್ಟೆಯ ತುಂಡುಗಳನ್ನು ಅಂಟಿಸಿ, ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲಷ್ಟೇ ಬಣ್ಣಕ್ಕೆ ಕೈ ಹಾಕುತ್ತಾರೆ. ಮರದ ಏರುತಗ್ಗುಗಳನ್ನು ಮುಚ್ಚಿ, ಬಣ್ಣ ಹಿಡಿಯಲು ಸಮನಾದ ಒಂದು ಮೈಯನ್ನು ಕೊಡುವುದೇ ಆ ಲೇಪದ ಕೆಲಸ. ಇಂಗ್ಲೆಂಡಿನ ಡಬ್ಬಿಯೂ ಮಾಡುವುದು ಅಷ್ಟನ್ನೇ. ವ್ಯತ್ಯಾಸವೆಂದರೆ ಕಿನ್ನಾಳದಲ್ಲಿ ಅದು ತಲೆಮಾರಿನ ಶ್ರಮ; ಇಲ್ಲಿ ಒಂದು ಭಾನುವಾರದ ಬಿಡುವು.

ಹೆಸರಿನಿಂದಾಗುವ ಒಂದು ಗೊಂದಲವನ್ನು ಇಲ್ಲಿಯೇ ನಿವಾರಿಸುವುದು ಕ್ಷೇಮ. ಸೀಮೆಸುಣ್ಣವೆಂದರೆ ಗೋಡೆಗೆ ಬಳಿಯುವ, ಎಲೆಅಡಿಕೆಗೆ ಹಚ್ಚುವ ಸುಣ್ಣವಲ್ಲ. ಆ ಸುಣ್ಣ ಖಾರ. ಕೈ ಸುಡುತ್ತದೆ, ಮರದ ಬಣ್ಣವನ್ನೂ ಕೆಡಿಸುತ್ತದೆ. ಶಾಲೆಯ ಸೀಮೆಸುಣ್ಣದ ಕಡ್ಡಿಗಳನ್ನು ಕುಟ್ಟಿ ಪುಡಿ ಮಾಡುವ ಉಪಾಯವೂ ಅಷ್ಟು ಒಳ್ಳೆಯದಲ್ಲ. ಈಗಿನ ಕಡ್ಡಿಗಳಲ್ಲಿ ಬಹುಪಾಲು ಜಿಪ್ಸಮ್ಮಿನವು. ಬಣ್ಣದ ಅಂಗಡಿಗಳಲ್ಲಿ ಚಾಕ್ ಪೌಡರ್ ಎಂದೇ ಕೇಳಿದರೆ ಕ್ಯಾಲ್ಸಿಯಮ್ ಕಾರ್ಬೊನೇಟಿನ ನುಣುಪಾದ ಪುಡಿ ಸಿಗುತ್ತದೆ, ಬೆಲೆಯೂ ಅಲ್ಪ. ವಿದೇಶದ ಡಬ್ಬಿಗೆ ದುಬಾರಿ ಹಣ ಕೊಡಲು ಮನಸ್ಸಿಲ್ಲದ ಗೃಹಿಣಿ ಅದರ ಒಂದು ಪಾಲನ್ನು ನೀರಿನಲ್ಲಿ ಗಂಟಿಲ್ಲದಂತೆ ಕಲಸಿಕೊಂಡು, ಗೋಡೆಗೆ ಬಳಿಯುವ ಮಂದ ಹೊಳಪಿನ ಎಮಲ್ಷನ್ ಬಣ್ಣದ ಮೂರು ಪಾಲಿಗೆ ಸೇರಿಸಿದರೆ ಕೆಲಸ ನಡೆಯುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಸುವವರೂ ಉಂಟು. ಆದರೆ ಅದು ಬೇಗ ಗಟ್ಟಿಯಾಗುವ ವಸ್ತುವಾದ್ದರಿಂದ ಆಗಿಂದಾಗ ಬೇಕಾದಷ್ಟನ್ನೇ ಕಲಸಬೇಕು.

ಇನ್ನು ಮರದ ಮಾತು. ಇಡೀ ವಿಷಯದ ಮರ್ಮ ಇರುವುದು ಇಲ್ಲಿ.

ಈ ಬಣ್ಣ ಜನಪ್ರಿಯವಾದ ದೇಶಗಳಲ್ಲಿ ಅಗ್ಗದ ಪೈನ್ ಮರದ ಮೇಜು, ಕುರ್ಚಿ, ಬೀರುಗಳು ಬೇಕಾದಷ್ಟಿವೆ. ಅವುಗಳಿಗೆ ತಮ್ಮದೆಂಬ ಚೆಲುವು ಅಷ್ಟಾಗಿಲ್ಲ. ಬಣ್ಣ ಬಳಿದರೆ ಕಳೆದುಕೊಳ್ಳುವುದೂ ಏನಿಲ್ಲ. ಕಾಫಿ ಸೀಮೆಯ ಹಳೆಯ ಮನೆಯ ಸಾಮಾನು ಹಾಗಲ್ಲ. ಹೊಗೆಯ ಕೆಳಗೆ ಏನಿದೆಯೆಂದು ನೋಡದೆ ಬಣ್ಣದ ಕುಂಚ ಎತ್ತುವುದು, ಕಾಗದವನ್ನು ಓದದೆ ರುಜು ಹಾಕಿದಂತೆ. ಕಪಾಟಿನ ಹಿಂಬದಿಯಲ್ಲಿ, ಅಥವಾ ಕಾಲಿನ ಒಳಮಗ್ಗುಲಲ್ಲಿ, ಬೆರಳಗಲದ ಜಾಗವನ್ನು ಸಣ್ಣ ಚೂರಿಯಿಂದ ಮೆಲ್ಲಗೆ ಕೆರೆದು ನೋಡಬೇಕು. ನೇರಳೆ ಬೆರೆತ ಕಂದು ಬಣ್ಣ, ಅದರಲ್ಲಿ ಕಪ್ಪು ಗೆರೆಗಳು, ಕೆರೆದೊಡನೆ ಏಳುವ ನವಿರಾದ ಪರಿಮಳ, ಎತ್ತಿದರೆ ತೋಳು ಸೋಲುವ ತೂಕ: ಇಷ್ಟಿದ್ದರೆ ಅದು ಬೀಟೆ. ಒದ್ದೆಯ ಬಿಳಿಬಟ್ಟೆಯಿಂದ ಒತ್ತಿದಾಗ ಹಳದಿಗಂದು ಕಲೆ ಇಳಿದರೆ ಹೊನ್ನೆ ಇರಬಹುದು. ಹೊನ್ನೆಯ ಲೋಟದಲ್ಲಿ ನೀರಿಟ್ಟು ಕುಡಿಯುವ ರೂಢಿಯುಳ್ಳವರಿಗೆ ಆ ಬಣ್ಣದ ಪರಿಚಯ ಉಂಟು. ಹೊರಗೆ ಕಂದಾಗಿದ್ದರೂ ಕೆರೆದಲ್ಲಿ ಅರಿಸಿನದಂತೆ ಹಳದಿ ಕಂಡರೆ ಹಲಸು. ಸ್ವಲ್ಪ ಜಿಡ್ಡಿನ ಸ್ಪರ್ಶ, ತೊಗಲಿನ ವಾಸನೆ ಇದ್ದರೆ ತೇಗ. ಬೆಳ್ಳಗೆ ಹಗುರಾಗಿ, ಉಗುರು ಊರಿದರೆ ಗುರುತು ಬೀಳುವಂಥದ್ದಾದರೆ ಅದು ಯಾವುದೋ ಪೆಟ್ಟಿಗೆಯ ಹಲಗೆ. ಅದರ ಮೇಲೆ ತಿಳಿನೀಲಿಯನ್ನಲ್ಲ, ಕಾಮನಬಿಲ್ಲನ್ನೇ ಬಳಿದರೂ ಯಾರೂ ಆಕ್ಷೇಪಿಸರು.

ಬೀಟೆಯನ್ನು ಬೇರೆಯಾಗಿ ಹೇಳಬೇಕಾಗಿದೆ. ಸ್ವಂತ ತೋಟದ ನೆರಳಲ್ಲಿ ಬೆಳೆದು ನಿಂತ ಬೀಟೆಯನ್ನೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. 2017ರ ಜನವರಿಯಿಂದ ಬೀಟೆಯ ಕುಲದ ಬಹುತೇಕ ಎಲ್ಲ ಮರಗಳೂ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿ, ಅವುಗಳ ಹೊರದೇಶದ ವ್ಯಾಪಾರವೂ ಹತೋಟಿಗೆ ಒಳಪಟ್ಟಿದೆ. ಅಜ್ಜನ ಕಾಲದಲ್ಲಿ ಆಚಾರಿಯನ್ನು ಮನೆಗೇ ಕರೆಸಿ, ತೋಟದಲ್ಲಿ ಬಿದ್ದ ಮರವನ್ನು ಕೊಯ್ಸಿ ಮಾಡಿಸಿದ ಕಪಾಟಿನಂಥದ್ದನ್ನು ಇಂದು ಹಣವಿದ್ದವರೂ ಸುಲಭವಾಗಿ ಮಾಡಿಸಲಾರರು. ಅದರ ಮೇಲೆ ಬಳಿದ ಬಣ್ಣವನ್ನು ಮುಂದೆ ಬೇಡವೆಂದಾಗ ತೆಗೆಯಬಹುದಲ್ಲ ಎಂದು ವಾದಿಸುವವರುಂಟು. ಮೇಲಿನದನ್ನು ತೆಗೆಯಬಹುದು. ಆದರೆ ಬೀಟೆಯ ಮೈ ತೆರೆದ ರಂಧ್ರಗಳಿಂದ ಕೂಡಿದ್ದು. ಅವುಗಳಲ್ಲಿ ಹೊಕ್ಕು ಕುಳಿತ ಬಿಳಿಯ ಪುಡಿ ಕಪ್ಪು ಗೆರೆಗಳ ನಡುವೆ ಬೂದಿ ಚೆಲ್ಲಿದಂತೆ ಉಳಿದುಬಿಡುತ್ತದೆ. ಅದನ್ನು ಪೂರ್ತಿ ಕಳೆಯಲು ಮರವನ್ನೇ ಹೆರೆಯಬೇಕಾದೀತು.

ಅಷ್ಟೇ ಅಲ್ಲದೆ ಬೀಟೆ, ಹೊನ್ನೆ, ಹಲಸುಗಳು ಬಣ್ಣವನ್ನು ಸುಮ್ಮನೆ ಹೊರುವ ಜಾತಿಯವೂ ಅಲ್ಲ. ತಿಳಿಬಣ್ಣ ಬಳಿದ ಮರುದಿನ ಬೆಳಿಗ್ಗೆ ನೋಡಿದರೆ ಅಲ್ಲಲ್ಲಿ ಗುಲಾಬಿ, ಹಳದಿ, ಕಂದು ಮಚ್ಚೆಗಳು ಎದ್ದಿರುತ್ತವೆ. ಇದು ಬಣ್ಣದ ತಪ್ಪಲ್ಲ. ಮರದೊಳಗಿನ ಸಹಜವಾದ ರಂಗು ನೀರಿನ ಸಹಾಯದಿಂದ ಮೇಲಕ್ಕೆ ಏರಿ ಬಂದದ್ದು. ಎರಡಲ್ಲ, ನಾಲ್ಕು ಸಲ ಬಳಿದರೂ ಅದು ಮತ್ತೆ ಮತ್ತೆ ತಲೆ ಎತ್ತುತ್ತದೆ. ಹಲಸಿನ ಚೇಗಿನ ರಂಗಿನಿಂದಲೇ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರೆಂದ ಮೇಲೆ ಅದರ ಹಟವನ್ನು ಊಹಿಸಬಹುದು. ಇದಕ್ಕೆ ಮದ್ದು ಅರಗು. ಅರಗಿನ ಚಕ್ಕೆಯನ್ನು ಸ್ಪಿರಿಟಿನಲ್ಲಿ ಕರಗಿಸಿ ಮೊದಲು ಒಂದು ತೆಳ್ಳನೆಯ ಕೈ ಹೊಡೆದು ಒಣಗಿಸಿದರೆ ರಂಗು ಅಲ್ಲಿಯೇ ನಿಲ್ಲುತ್ತದೆ. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅರಗು, ಇಂಗ್ಲೆಂಡಿನ ಬಣ್ಣಕ್ಕೆ ಮಾನ ಕಾಯುವ ಕೆಲಸವನ್ನೂ ಮಾಡುತ್ತದೆಯೆಂಬುದು ಸ್ವಾರಸ್ಯದ ಸಂಗತಿ.

ಮಳೆಯ ಸೀಮೆಯಲ್ಲಿ ಬಣ್ಣಕ್ಕಿಂತ ಹೆಚ್ಚು ತೊಂದರೆ ಕೊಡುವುದು ಮೇಣ. ಪರದೇಶದ ಪುಸ್ತಕಗಳಲ್ಲಿ ಬಣ್ಣ ಒಣಗಿದೊಡನೆ ಮೇಣ ಹಚ್ಚಿ, ಬಟ್ಟೆಯಿಂದ ತಿಕ್ಕಿ, ಸಾಮಾನನ್ನು ಉಪಯೋಗಕ್ಕೆ ತೆಗೆದುಕೊಳ್ಳುವಂತೆ ಬರೆದಿರುತ್ತದೆ. ಸಂಸೆಯಲ್ಲಿ ಆಷಾಢದಲ್ಲಿ ಹೀಗೆ ಮಾಡಿದವರು ಶ್ರಾವಣದಲ್ಲಿ ಪಶ್ಚಾತ್ತಾಪಪಡುತ್ತಾರೆ. ಬಣ್ಣದ ಒಳಗೆ ತೇವ ಉಳಿದಿರುವಾಗಲೇ ಮೇಣ ಬಿದ್ದರೆ ತೇವ ಹೊರಬರಲು ದಾರಿ ತಡವಾಗುತ್ತದೆ. ಮೇಣವೂ ಗಟ್ಟಿಯಾಗದೆ ಅಂಟಂಟಾಗಿ ಧೂಳನ್ನು ಹಿಡಿಯುತ್ತದೆ. ಧೂಳಿದ್ದಲ್ಲಿ ಬೂಷ್ಟು ತಾನಾಗಿ ಬರುತ್ತದೆ. ಕಾಫಿ ಕಣದಲ್ಲಿ ಹಣ್ಣು ಒಣಗುವ ಕಾಲವೇ ಮೇಣಕ್ಕೂ ಒಳ್ಳೆಯ ಕಾಲ. ಡಿಸೆಂಬರಿನಿಂದ ಫೆಬ್ರವರಿಯ ತನಕ, ನೆರಳಿನಲ್ಲಿ, ಗಾಳಿಯಾಡುವ ಜಗಲಿಯಲ್ಲಿ ಈ ಕೆಲಸ ಮಾಡಬೇಕು. ಬಿಸಿಲಿಗೆ ಇಟ್ಟು ಅವಸರಪಡಿಸಿದರೆ ಮರ ಬಿರಿಯುತ್ತದೆ. ತೆಳ್ಳಗೆ ಹಚ್ಚಿ, ಹೆಚ್ಚಾದುದನ್ನು ಹತ್ತಿಬಟ್ಟೆಯಿಂದ ಒರೆಸಿ ತೆಗೆದು, ಮರುದಿನ ತಿಕ್ಕಿ ಹೊಳಪು ಬರಿಸಬೇಕು. ಮುಟ್ಟಿದರೆ ಒಣಗಿದಂತೆ ಕಂಡರೂ ಅದು ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಆ ಬಳಿಕವೂ ಜೇನುಮೇಣ ಅರವತ್ತೆರಡು ಅರವತ್ತನಾಲ್ಕು ಡಿಗ್ರಿ ಶಾಖಕ್ಕೆ ಕರಗುವ ವಸ್ತುವೆಂಬುದನ್ನು ಮರೆಯಬಾರದು. ಹಬೆಯಾಡುವ ಕಾಫಿಯ ಲೋಟವನ್ನು ನೇರವಾಗಿ ಇಟ್ಟರೆ ದುಂಡನೆಯ ಬಿಳಿ ಗುರುತು ಕಟ್ಟಿಟ್ಟದ್ದು. ಕಾಫಿ ಸೀಮೆಯವರಿಗೆ ಇದನ್ನು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಊಟದ ಮೇಜಿಗೂ, ಮಳೆಯ ಎರಚಲು ಬೀಳುವ ಜಗಲಿಯ ಬೆಂಚಿಗೂ ಈ ಬಣ್ಣ ಮೇಣಗಳು ಸರಿಹೋಗುವುದಿಲ್ಲ.

ಹಾಗೆಯೇ ತೊಟ್ಟಿಲಿನ ವಿಷಯ. ಹಳೆಯ ಮನೆಯ ಅಟ್ಟದಲ್ಲಿ ಹಸುರೋ ಕೆಂಪೋ ಎಣ್ಣೆಬಣ್ಣ ಬಳಿದ ತೊಟ್ಟಿಲೊಂದು ಇದ್ದೇ ಇರುತ್ತದೆ. ಹೊಸ ಮಗುವಿಗೆಂದು ಅದನ್ನು ಇಳಿಸಿ, ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ, ಮೇಲೆ ಹೊಸದನ್ನು ಬಳಿಯುವ ಹುಮ್ಮಸ್ಸು ಸಹಜ. ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂಬ ನಿಯಮ ಭಾರತದಲ್ಲಿ ಪ್ರಕಟವಾದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಸಂಶಯದಿಂದಲೇ ಕಾಣಬೇಕು. ಉಜ್ಜಿದಾಗ ಏಳುವ ಧೂಳು ಮನೆಯ ಮಕ್ಕಳಿಗೆ, ಬಸುರಿಯರಿಗೆ ವಿಷ. ಹಲ್ಲು ಬರುವ ಕೂಸು ತೊಟ್ಟಿಲಿನ ಅಂಚನ್ನು ಕಚ್ಚದೆ ಬಿಡುವುದೂ ಇಲ್ಲ. ಅಂಥ ತೊಟ್ಟಿಲನ್ನು ನೆನಪಿಗಾಗಿ ಇಟ್ಟುಕೊಳ್ಳಲಿ. ಮಗುವನ್ನು ಬೇರೆ ತೊಟ್ಟಿಲಲ್ಲಿ ಮಲಗಿಸಲಿ.

ಇಷ್ಟನ್ನು ತಿಳಿದು ಮತ್ತೆ ಸಂಸೆಯ ನಡುಮನೆಗೆ ಬಂದರೆ, ಸೊಸೆ ಕಪಾಟಿನ ಹಿಂಬದಿಯನ್ನು ಕೆರೆದು ನೋಡಿದ್ದಾಳೆ. ಬೀಟೆಯೇ. ಆದರೂ ಆಸೆ ಪೂರ್ತಿ ಅಡಗಿಲ್ಲ. ಹೊರಮೈ ಹಾಗಿರಲಿ, ಬಾಗಿಲಿನ ಒಳಮೈಗಾದರೂ ಬಳಿಯಬಹುದಲ್ಲ ಎಂದು ಯೋಚಿಸಿ ಅಗಳಿ ಸರಿಸುತ್ತಾಳೆ. ತೆರೆದ ಬಾಗಿಲಿನ ಒಳಬದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಸೀಮೆಸುಣ್ಣದ ಬರವಣಿಗೆ. ಅರ್ಧ ಅಳಿಸಿದೆ, ಅರ್ಧ ಉಳಿದಿದೆ. ಇಸವಿ, ತಾರೀಕು, ಅದರ ಮುಂದೆ ಇಂಚು, ಸೆಂಟು.

“ಇದೇನು ಅತ್ತೆ, ಲೆಕ್ಕ?”

“ಹೂಮಳೆ,” ಎನ್ನುತ್ತಾರೆ ಅತ್ತೆ. “ಪ್ರತಿ ವರ್ಷ ಮೊದಲ ಹೂಮಳೆ ಬಂದ ದಿನ ಮಳೆಮಾಪಕ ನೋಡಿಕೊಂಡು ಬಂದು ಇಲ್ಲಿ ಬರೆಯುತ್ತಿದ್ದರು. ಪುಸ್ತಕದಲ್ಲಿಯೂ ಬರೆಯುತ್ತಿದ್ದರು. ಪುಸ್ತಕ ಗೆದ್ದಲು ತಿಂದು ಹೋಯಿತು.”

ಕಾಫಿ ಬೆಳೆಯುವವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಬೀಳುವ ಆ ಒಂದು ಮಳೆಗೆ ಮೊಗ್ಗು ಬಿರಿದು, ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ; ಆ ವರ್ಷದ ಫಸಲಿನ ಭವಿಷ್ಯ ನಿರ್ಧಾರವಾಗುವುದು ಅದರ ಮೇಲೆ. ಮಳೆ ತಡವಾದ ವರ್ಷ, ಕಡಮೆ ಬಿದ್ದ ವರ್ಷ, ಸರಿಯಾಗಿ ಬಂದ ವರ್ಷ, ಒಂದು ಸಂಸಾರದ ಏಳುಬೀಳುಗಳೆಲ್ಲ ಆ ಅಂಕಿಗಳಲ್ಲಿ ಇದ್ದವು. ಒದ್ದೆ ಬಟ್ಟೆಯ ಒಂದು ಒರಸಿಗೆ ಅಳಿಸಿಹೋಗುವಷ್ಟು ತೆಳುವಾಗಿಯೂ ಇದ್ದವು. ಸೊಸೆ ಮೊದಲು ಮಾಡಿದ ಕೆಲಸವೆಂದರೆ ಒಳಬಾಗಿಲಿನ ಛಾಯಾಚಿತ್ರ ತೆಗೆದುಕೊಂಡದ್ದು. ಎರಡನೆಯದು, ಅತ್ತೆಯ ಪಕ್ಕದಲ್ಲಿ ಕುಳಿತು, ಅಳಿಸಿದ ಇಸವಿಗಳನ್ನು ಅವರ ನೆನಪಿನಿಂದ ಕೇಳಿ ಬರೆದುಕೊಂಡದ್ದು. ಮನೆಯ ಹಿರಿಯ ಮಗಳ ಮದುವೆ ಯಾವ ವರ್ಷವೋ ಆ ವರ್ಷ ಮಳೆ ಏಪ್ರಿಲ್ ಕೊನೆಗೆ ಬಂತು, ಎಂಬ ರೀತಿಯಲ್ಲಿ ಲೆಕ್ಕ ಮುಂದುವರಿಯಿತು. ಸಂಜೆಯ ಕಾಫಿ ಎರಡು ಸಲ ಆಯಿತು.

ಹೊರಮೈಗೆ ಬೇಕಾದ ಆರೈಕೆ ಹೆಚ್ಚಿನದಲ್ಲ. ಹೊಗೆಯ ಜಿಡ್ಡನ್ನು ಟರ್ಪೆಂಟೈನಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಸ್ವಲ್ಪ ಸ್ವಲ್ಪವಾಗಿ, ಬಟ್ಟೆ ಬದಲಿಸುತ್ತ ತೆಗೆಯಬೇಕು. ಒಂದೇ ದಿನಕ್ಕೆ ಮುಗಿಸುವ ಹಟ ಬೇಡ. ಕುಟ್ಟೆಹುಳುವಿನ ತೂತುಗಳಿದ್ದು ಹಿಟ್ಟು ಉದುರುತ್ತಿದ್ದರೆ, ಬಿಳಿಗಾರ ಮತ್ತು ಬೋರಿಕ್ ಆಮ್ಲ ಕರಗಿಸಿದ ನೀರನ್ನು ಮೆರುಗೆಣ್ಣೆಯಿಲ್ಲದ ಒಳಮಗ್ಗುಲಿನ ಬರಿಯ ಮರಕ್ಕೆ ಕುಡಿಸಿ ಚೆನ್ನಾಗಿ ಒಣಗಿಸಬೇಕು. ಬರವಣಿಗೆಯಿರುವ ಬಾಗಿಲಿನ ತಂಟೆಗೆ ಮಾತ್ರ ಹೋಗಬಾರದು. ಬಳಿಕ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟ ಇನ್ನೊಂದು ಪಾತ್ರೆಯಲ್ಲಿ ಕರಗಿಸಿ, ಒಲೆಯಿಂದ ದೂರ ತಂದು, ಟರ್ಪೆಂಟೈನ್ ಸೇರಿಸಿ ಬೆಣ್ಣೆಯ ಹದಕ್ಕೆ ಕಲಸಿಕೊಳ್ಳಬೇಕು. ಒಲೆಯ ಮೇಲಿಟ್ಟೇ ಟರ್ಪೆಂಟೈನ್ ಸುರಿದರೆ ಬೆಂಕಿ ಹತ್ತುವುದು ಖಂಡಿತ. ಈ ಒಂದು ಮಾತಿನಲ್ಲಿ ಸಡಿಲಿಕೆ ಸಲ್ಲದು. ತಣಿದ ಮೇಣವನ್ನು ಮರದ ಗೆರೆಯ ದಿಕ್ಕಿನಲ್ಲಿ ತಿಕ್ಕಿದಾಗ ಕಪ್ಪಿನೊಳಗಿನ ನೇರಳೆ ಮೆಲ್ಲನೆ ಮೇಲೆ ಬರುತ್ತದೆ. ಮಲೆನಾಡಿನ ತೇವದಿಂದ ಬೆಂಗಳೂರಿನ ಒಣಹವೆಗೆ ಹೋಗುವ ಸಾಮಾನಾದರೆ ಅಲ್ಲಿ ಕೆಲವು ವಾರ ಸುಮ್ಮನೆ ಇರಿಸಿ, ಮರ ಹೊಸ ಹವೆಗೆ ಹೊಂದಿಕೊಂಡ ಮೇಲೆ ಮೇಣ ಹಚ್ಚುವುದು ಮೇಲು. ಕಿಟಕಿಯ ಬಿಸಿಲಿನ ಎದುರಿಗಂತೂ ನಿಲ್ಲಿಸಬಾರದು.

ತಿಳಿನೀಲಿ ಬಣ್ಣ ವ್ಯರ್ಥವಾಗಲಿಲ್ಲ. ಅಟ್ಟದಲ್ಲಿ ತಗಡಿನ ಅಂಚು ಕಟ್ಟಿದ, ಪ್ಲೈವುಡ್ಡಿನ ಎರಡು ಹಳೆಯ ಚಹಾ ಪೆಟ್ಟಿಗೆಗಳು ಇದ್ದವು. ಹಳೆಯ ವಾರಪತ್ರಿಕೆಗಳನ್ನು ತುಂಬಿಡಲು ಬಳಕೆಯಾಗುತ್ತಿದ್ದಂಥವು. ಅವನ್ನು ಒರೆಸಿ, ಎರಡು ಕೈ ಬಣ್ಣ ಕೊಟ್ಟು, ಅಂಚಿನಲ್ಲಿ ಉಪ್ಪುಕಾಗದದಿಂದ ಸ್ವಲ್ಪ ಸವೆಸಿ, ಡಿಸೆಂಬರಿನ ಬಿಸಿಲು ಬಿದ್ದ ಮೇಲೆ ಅತ್ತೆಯವರೇ ಮೇಣ ತಿಕ್ಕಿದರು. ಒಂದು ಪೆಟ್ಟಿಗೆ ಸಂಸೆಯಲ್ಲಿ ಮೊಮ್ಮಗಳ ಆಟಿಕೆಗೆ ಉಳಿಯಿತು, ಇನ್ನೊಂದು ಕಪಾಟಿನ ಜೊತೆ ಲಾರಿ ಹತ್ತಿತು.

ಮಾರ್ಚ್ ತಿಂಗಳ ಒಂದು ರಾತ್ರಿ ಬೆಂಗಳೂರಿನ ಮನೆಗೆ ದೂರವಾಣಿ ಕರೆ ಬಂತು. “ಬಂತಮ್ಮ, ಒಂದು ಇಂಚು ಹತ್ತು ಸೆಂಟು,” ಎಂದರು ಅತ್ತೆ. ಸೊಸೆ ಮಗಳ ಶಾಲೆಯ ಚೀಲದಲ್ಲಿ ಕೈಯಾಡಿಸಿ ಸೀಮೆಸುಣ್ಣದ ತುಂಡೊಂದನ್ನು ಹುಡುಕಿ ತೆಗೆದಳು.